ಇಟ್ಟಮಡುವಿನ ಕರೆಂಟು, ಶರಾವತಿಯ ಲೆಕ್ಕ

ಬನಶಂಕರಿ ಮೂರನೇ ಹಂತಕ್ಕೆ ಹೊಂದಿಕೊಂಡು, ಕತ್ರಿಗುಪ್ಪೆ, ಹೊಸಕೆರೆಹಳ್ಳಿ, ಚಿಕ್ಕಲ್ಲಸಂದ್ರಗಳ ನಡುವೆ ಒತ್ತೊತ್ತಾಗಿ ಬೆಳೆದಿರುವ ಇಟ್ಟಮಡುವಿನ ಹೆಸರು ಬೆಂಗಳೂರಿನ ತಂತ್ರಜ್ಞಾನದ ಮಾತು ಬಂದಾಗ ಯಾರ ಬಾಯಿಗೂ ಬರುವುದಿಲ್ಲ. ಬಾಡಿಗೆ ಮನೆಗಳು, ಮೊಬೈಲ್ ರಿಪೇರಿಯ ಪುಟ್ಟ ಅಂಗಡಿಗಳು, ಯುಪಿಎಸ್ ಬ್ಯಾಟರಿ ಮಳಿಗೆಗಳು, ಗುಜರಿ ಅಂಗಡಿಗಳು ಇರುವ ಈ ಬಡಾವಣೆ, ದೊಡ್ಡ ಕಂಪನಿಗಳ ಆವರಣಗಳಿರುವ ವೈಟ್‌ಫೀಲ್ಡಿನಿಂದಲೂ ಎಲೆಕ್ಟ್ರಾನಿಕ್ ಸಿಟಿಯಿಂದಲೂ ದೂರವೇ ಉಳಿದಿದೆ. ಹಾಗಿದ್ದರೂ ಡಿಜಿಟಲ್ ತಂತ್ರಜ್ಞಾನಕ್ಕಾಗಿ ನೆಲ, ನೀರು, ಗಾಳಿ ತೆರುತ್ತಿರುವ ಬೆಲೆಯನ್ನು ವಿಚಾರಿಸಲು ಇಂಥ ಜಾಗವೇ ತಕ್ಕದ್ದು. ಯಂತ್ರಗಳನ್ನು ನಡೆಸುವ ವಿದ್ಯುತ್ತು ಎಲ್ಲಿಂದಲೋ ಬಂದು ಇಲ್ಲಿನ ಕಂಬಗಳನ್ನು ಸೇರುತ್ತದೆ, ಕೆಟ್ಟ ಯಂತ್ರಗಳು ಇಲ್ಲಿನ ಗುಜರಿ ತಕ್ಕಡಿಯನ್ನು ದಾಟಿ ಮತ್ತೆಲ್ಲಿಗೋ ಹೋಗುತ್ತವೆ, ಈ ಎರಡರ ನಡುವಿನ ಕೆಲವೇ ವರ್ಷಗಳ ಬಳಕೆಯಷ್ಟೇ ಬಳಸುವವರ ಕಣ್ಣಿಗೆ ಬೀಳುತ್ತದೆ.

ಒಂದು ಊರಿನ ಬೆಳಕಿಗೆ ಮತ್ತೊಂದು ಊರು ಬೆಲೆ ತೆರುವುದು ಕರ್ನಾಟಕಕ್ಕೆ ಹೊಸತಲ್ಲ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ ಕೆಲಸ ಆರಂಭಿಸಿದಾಗ ಅಲ್ಲಿನ ವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ (ಕೆಜಿಎಫ್); ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಗಣಿ 2001ರಲ್ಲಿ ಮುಚ್ಚಿತು. ಅದಿರಿನಿಂದ ಚಿನ್ನವನ್ನು ಬಿಡಿಸಲು ಸಯನೈಡ್ ಬಳಸಿದ ಮೇಲೆ ಉಳಿದ ಪುಡಿಯ ದಿಬ್ಬಗಳು ಮಾತ್ರ ಕೆಜಿಎಫ್‌ನಲ್ಲಿ ಇಂದಿಗೂ ನಿಂತಿದ್ದು, ಗಾಳಿ ಎದ್ದಾಗ ಅವುಗಳ ದೂಳು ಅಲ್ಲಿನ ಮನೆಗಳಿಗೆ ನುಗ್ಗುತ್ತದೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಶರಾವತಿ ಕಣಿವೆಯಲ್ಲಿ ಸುಮಾರು 300 ಚದರ ಕಿಲೋಮೀಟರ್ ನೆಲವನ್ನು ಮುಳುಗಿಸಿತು. ಒಕ್ಕಲೆದ್ದ ಕುಟುಂಬಗಳಿಗೆ ಶಿವಮೊಗ್ಗ ಜಿಲ್ಲೆಯ ಕಾಡುಗಳಲ್ಲಿ ಜಾಗ ತೋರಿಸಲಾಯಿತಾದರೂ, ಆ ಜಾಗ ದಾಖಲೆಗಳಲ್ಲಿ ಅರಣ್ಯವಾಗಿಯೇ ಉಳಿದದ್ದರಿಂದ, ಹಕ್ಕುಪತ್ರದ ತಕರಾರು ಮೊಮ್ಮಕ್ಕಳ ಕಾಲಕ್ಕೂ ಬಗೆಹರಿದಿಲ್ಲ.

ಈ ಸಂಕಟಕ್ಕೆ ಕನ್ನಡ ಸಾಹಿತ್ಯ ಕಿವಿಗೊಟ್ಟಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಸಾಗರದ ನಾ. ಡಿಸೋಜ ಅವರ ‘ಮುಳುಗಡೆ’ ಮತ್ತು ‘ದ್ವೀಪ’ ಕಾದಂಬರಿಗಳು ಹುಟ್ಟಿದ್ದು ಆ ಹಿನ್ನೀರಿನ ಬದುಕಿನಿಂದ. ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಶಿವರಾಮ ಕಾರಂತರು 1989ರಲ್ಲಿ ಲೋಕಸಭಾ ಚುನಾವಣೆಗೇ ನಿಂತರು. ಮುಳುಗಡೆ ಒಂದು ಕಣಿವೆಯಲ್ಲಿ, ಜನರ ಕಣ್ಣೆದುರೇ ನಡೆದದ್ದರಿಂದ ಕಥೆಗಾರನಿಗೆ ದಕ್ಕಿತು. ಡಿಜಿಟಲ್ ಯುಗದ ನಷ್ಟ ಹಾಗೆ ಒಂದೆಡೆ ಕೂಡಿಬರುವುದಿಲ್ಲ. ಅದರ ಒಂದು ಪಾಲು ರಾಯಚೂರಿನ ಬೂದಿಯಲ್ಲಿದೆ, ಇನ್ನೊಂದು ಪಾವಗಡದ ಬೇಲಿಯೊಳಗಿದೆ, ಮತ್ತೊಂದು ವೃಷಭಾವತಿ ನದಿಯ ಕೆಸರಿನಲ್ಲಿದೆ. ಹೀಗೆ ಚೂರುಚೂರಾಗಿ ಹಂಚಿಹೋಗಿರುವ ನಷ್ಟವನ್ನು ಒಂದೇ ಲೆಕ್ಕದಲ್ಲಿ ಕೂಡಿಸಿ ನೋಡುವ ಬರವಣಿಗೆ ಕನ್ನಡದಲ್ಲಿ ಇನ್ನೂ ಸಾಲದು ಎಂಬುದು ಈ ಪತ್ರಿಕೆಯ ಖಚಿತ ಅಭಿಪ್ರಾಯ. ಈ ಸಂಚಿಕೆಯನ್ನು ಈ ವಿಷಯಕ್ಕೆ ಮೀಸಲಿಟ್ಟಿರುವುದಕ್ಕೆ ಕಾರಣವೂ ಅದೇ.

ವಿದ್ಯುತ್ ಜಾಲವೆಂದರೆ ಉತ್ಪಾದನಾ ಕೇಂದ್ರಗಳನ್ನೂ ಉಪಕೇಂದ್ರಗಳನ್ನೂ ಬಳಕೆದಾರರನ್ನೂ ಒಂದಕ್ಕೊಂದು ಹೆಣೆದಿರುವ ತಂತಿಗಳ ವ್ಯವಸ್ಥೆ. ಅದು ಎಲ್ಲ ಮೂಲಗಳ ವಿದ್ಯುತ್ತನ್ನೂ ಬೆರೆಸಿಯೇ ಕೊಡುವುದರಿಂದ, ಇಟ್ಟಮಡುವಿನ ಮನೆಯೊಂದರಲ್ಲಿ ಚಾರ್ಜಿಗಿಟ್ಟ ಫೋನಿಗೆ ಯಾವ ಊರಿನ ಕರೆಂಟು ಬಂತೆಂದು ಬೇರ್ಪಡಿಸಿ ಹೇಳಲಾಗದು. ಆ ಬೆರಕೆಯಲ್ಲಿ 1,720 ಮೆಗಾವ್ಯಾಟ್ ಸಾಮರ್ಥ್ಯದ ರಾಯಚೂರು ಶಾಖೋತ್ಪನ್ನ ಕೇಂದ್ರವಿದೆ, 1,700 ಮೆಗಾವ್ಯಾಟಿನ ಬಳ್ಳಾರಿಯ ಕುಡತಿನಿ ಕೇಂದ್ರವಿದೆ, ಕಾಳಿ ನದಿಯ ದಂಡೆಯ ಕೈಗಾ ಇದೆ. ಭಾರತದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಸಾಮಾನ್ಯವಾಗಿ ಶೇ. 30ರಿಂದ 40ರಷ್ಟಿರುತ್ತದೆ, ಅಂದರೆ ಮೂರು ಲಾರಿ ಕಲ್ಲಿದ್ದಲು ಸುಟ್ಟರೆ ಸುಮಾರು ಒಂದು ಲಾರಿ ಬೂದಿ ಉಳಿಯುತ್ತದೆ. ಸಿಮೆಂಟಿಗೂ ಇಟ್ಟಿಗೆಗೂ ಹೋಗಿ ಮಿಕ್ಕ ಈ ಹಾರುಬೂದಿಯನ್ನು ನೀರಿನೊಡನೆ ಕಲಸಿ ವಿಶಾಲವಾದ ಹೊಂಡಗಳಿಗೆ ಬಿಡಬೇಕಾಗುತ್ತದೆ.

ಸೌರವಿದ್ಯುತ್ತಿನಲ್ಲಿ ಹೊಗೆಯಿಲ್ಲ, ಬೂದಿಯಿಲ್ಲ. ಕಲ್ಲಿದ್ದಲಿಗೆ ಹೋಲಿಸಿದರೆ ಅದು ಎಷ್ಟೋ ಮೇಲು ಎಂಬುದರಲ್ಲಿ ಅನುಮಾನವೂ ಇಲ್ಲ. ಆದರೆ ಅದಕ್ಕೆ ನೆಲ ಬೇಕು. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಾಲಸಮುದ್ರ ಮೊದಲಾದ ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ 2019ರ ಕೊನೆಯ ವೇಳೆಗೆ ಪೂರ್ಣಗೊಂಡಿತು. ರೈತರಿಂದ ಭೂಮಿಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದು, ಎರಡು ವರ್ಷಕ್ಕೊಮ್ಮೆ ಶೇ. 5ರಷ್ಟು ಏರಿಸುವ ಕರಾರು ಮಾಡಿಕೊಂಡದ್ದು ಒಳ್ಳೆಯ ಮಾದರಿಯೇ. ಪದೇಪದೇ ಬರ ಕಂಡ ಸೀಮೆಯ ಹಿಡುವಳಿದಾರರಿಗೆ ಅದು ನಿಶ್ಚಿತ ವರಮಾನ ತಂದಿತು. ಕರಾರಿಗೆ ಸಹಿ ಹಾಕಲು ಒಂದು ಗುಂಟೆಯೂ ಇಲ್ಲದವರ ಮಾತು ಬೇರೆ. ಕಡಲೆಕಾಯಿ ಬಿಡಿಸುವ, ಕಳೆ ತೆಗೆಯುವ ಕೂಲಿಯಲ್ಲಿ ಬದುಕುತ್ತಿದ್ದ ಹೆಂಗಸರು, ಬೀಳು ಹೊಲಗಳಲ್ಲಿ ಕುರಿ ಮೇಯಿಸುತ್ತಿದ್ದವರು ಬೇಲಿಯ ಹೊರಗೆ ಉಳಿದರು. ಫಲಕಗಳ ಮೇಲೆ ಕೂತ ದೂಳನ್ನು ತೊಳೆಯುವುದಕ್ಕೂ ಆ ಬರಸೀಮೆಯಲ್ಲಿ ನೀರು ಹೊಂದಿಸಬೇಕಾಯಿತು. ಗುತ್ತಿಗೆಯ ಹಣದ ಜೊತೆಗೆ ಕೂಲಿ ಕಳೆದುಕೊಂಡವರಿಗೂ ಒಂದು ಪಾಲು ಇರಬೇಕಿತ್ತೆಂದು ಹೇಳುವುದು ಸೌರಶಕ್ತಿಯನ್ನು ವಿರೋಧಿಸಿದಂತಲ್ಲ.

ಬೇಡಿಕೆಯ ಕಡೆಗೆ ತಿರುಗಿದರೆ, ಹೊಸದಾಗಿ ಬೆಳೆಯುತ್ತಿರುವ ಬಳಕೆದಾರ ದತ್ತಾಂಶ ಕೇಂದ್ರ: ಫೋನಿನ ಚಿತ್ರ, ಬ್ಯಾಂಕಿನ ಲೆಕ್ಕ, ಕೃತಕ ಬುದ್ಧಿಮತ್ತೆಯ ಉತ್ತರ ಇವೆಲ್ಲವನ್ನೂ ಹಗಲಿರುಳು ನಡೆಸುವ ಸಾವಿರಾರು ಕಂಪ್ಯೂಟರುಗಳ ಕಟ್ಟಡ. ಈ ಕಂಪ್ಯೂಟರುಗಳು ಬಳಸಿದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುವುದರಿಂದ, ಅದನ್ನು ಹೊರಹಾಕಲು ಮತ್ತಷ್ಟು ವಿದ್ಯುತ್ತು, ಹಲವೆಡೆ ಅಪಾರ ನೀರು ಬೇಕು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ದತ್ತಾಂಶ ಕೇಂದ್ರಗಳು ಸುಮಾರು 41,500 ಕೋಟಿ ಯೂನಿಟ್ ವಿದ್ಯುತ್ ಬಳಸಿದವು. ಇದು ಜಗತ್ತಿನ ಒಟ್ಟು ಬಳಕೆಯ ಶೇ. 1.5ರಷ್ಟು, 2030ರ ಹೊತ್ತಿಗೆ ಅದು ಎರಡು ಪಟ್ಟು ಮೀರಲಿದೆಯೆಂಬುದು ಅದೇ ಸಂಸ್ಥೆಯ ನಿರೀಕ್ಷೆ. ಕರ್ನಾಟಕವೂ 2022ರಲ್ಲಿ ದತ್ತಾಂಶ ಕೇಂದ್ರಗಳನ್ನು ಆಹ್ವಾನಿಸುವ ನೀತಿಯನ್ನು ತಂದಿದೆ. ತೊರೆಕಾಡನಹಳ್ಳಿಯಿಂದ ಕಾವೇರಿ ನೀರನ್ನು ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪು ಮಾಡಿ ತರಬೇಕಾದ, 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಬೇಕಾಗಿ ಬಂದ ನಗರದಲ್ಲಿ, ಅಂಥ ಪ್ರತಿಯೊಂದು ಕಟ್ಟಡವೂ ತನ್ನ ನೀರಿನ ಲೆಕ್ಕವನ್ನು ಬಹಿರಂಗವಾಗಿ ಕೊಡಬೇಕೆಂದು ಕೇಳುವುದು ನಾಗರಿಕರ ಹಕ್ಕು.

ಇಟ್ಟಮಡುವಿನಂಥ ಬಡಾವಣೆಯಲ್ಲಿ ಕರೆಂಟು ಹೋದಾಗ ನೆರವಿಗೆ ಬರುವುದು ಯುಪಿಎಸ್ ಬ್ಯಾಟರಿ. ಸೀಸದ ತಟ್ಟೆಗಳನ್ನು ಗಂಧಕಾಮ್ಲದಲ್ಲಿ ಅದ್ದಿಟ್ಟಿರುವ ಈ ಭಾರದ ಪೆಟ್ಟಿಗೆಗೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಿ ನೋಡಿಕೊಂಡರೂ ಕೆಲವು ವರ್ಷಗಳಲ್ಲಿ ಅದರ ಆಯುಸ್ಸು ತೀರುತ್ತದೆ. ಹಳೆಯದನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ಇಷ್ಟೆಂದು ಅಂಗಡಿಯವರು ಕಳೆಯುತ್ತಾರೆ. ನೋಂದಾಯಿತ ಮರುಬಳಕೆ ಘಟಕಕ್ಕೆ ಹೋದ ಬ್ಯಾಟರಿಯ ಸೀಸ ಮತ್ತೆ ಬ್ಯಾಟರಿಯಾಗುತ್ತದೆ. ಗುಜರಿಯ ಕೈಗೆ ಬಿದ್ದದ್ದರ ಗತಿ ಹಾಗಲ್ಲ: ಮುಚ್ಚಳ ತೆಗೆದು, ಆಮ್ಲವನ್ನು ಚರಂಡಿಗೆ ಸುರಿದು, ತಟ್ಟೆಗಳನ್ನು ಎಲ್ಲೋ ಬಯಲಿನ ಕುಲುಮೆಯಲ್ಲಿ ಕರಗಿಸುವುದುಂಟು. ಆ ಹೊಗೆಯಲ್ಲಿರುವ ಸೀಸ ಬೆಳೆಯುವ ಮಕ್ಕಳ ಮಿದುಳಿಗೆ ಶಾಶ್ವತ ಹಾನಿ ಮಾಡುತ್ತದೆ.

ಕಂಪ್ಯೂಟರು, ಫೋನುಗಳ ದಾರಿಯೂ ಹೆಚ್ಚುಕಡಿಮೆ ಇಂಥದ್ದೇ. ತಾಮ್ರಕ್ಕಾಗಿ ವೈರುಗಳನ್ನು ಸುಡುತ್ತಾರೆ. ಬಿಡಿಭಾಗಗಳನ್ನು ಕೂಡಿಸುವ ಹಸಿರು ಹಲಗೆಯನ್ನು, ಅಂದರೆ ಸರ್ಕ್ಯೂಟ್ ಬೋರ್ಡನ್ನು, ಒಲೆಯ ಮೇಲೆ ಕಾಯಿಸಿ ಬೆಸುಗೆ ಸಡಿಲಿಸಿ ಚಿಪ್‌ಗಳನ್ನು ಇಕ್ಕಳದಿಂದ ಕೀಳುತ್ತಾರೆ. ಪಿನ್ನುಗಳ ಮೇಲಿನ ಚಿನ್ನದ ಲೇಪಕ್ಕಾಗಿ ಬರಿಗೈಯಲ್ಲೇ ಆಮ್ಲದ ಬಕೆಟ್ಟು ಹಿಡಿಯುತ್ತಾರೆ. ಬೆಂಗಳೂರಿನ ಇ-ತ್ಯಾಜ್ಯ ಬಿಡಿಸುವ ತಾಣಗಳ ಕುರಿತು ಜಪಾನಿನ ಎಹಿಮೆ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇಲ್ಲಿನವರೊಡನೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವು, ಕೊಳೆಗೇರಿಯೊಂದರ ಇಂಥ ತಾಣದ ಮಣ್ಣಿನಲ್ಲಿ ಸೀಸ, ತವರ, ಆಂಟಿಮನಿ ಮೊದಲಾದ ಲೋಹಗಳು ಹೆಚ್ಚಿನ ಪ್ರಮಾಣದಲ್ಲಿರುವುದನ್ನು ತೋರಿಸಿತು. ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಘಟಕಗಳಲ್ಲೊಂದು ದಾಬಸ್‌ಪೇಟೆಯಲ್ಲಿ ಆರಂಭವಾದದ್ದೂ, ತಯಾರಕರೇ ತಮ್ಮ ಹಳೆಯ ಸರಕಿನ ಹೊಣೆ ಹೊರಬೇಕೆಂಬ ನಿಯಮ 2012ರಿಂದ ಜಾರಿಯಲ್ಲಿರುವುದೂ ನಿಜ. ಆದರೂ ಮನೆ ಬಾಗಿಲಿಗೆ ಬಂದು ತೂಕ ಹಾಕಿ ಕೈಗೆ ಕಾಸು ಕೊಡುವವರು ಗುಜರಿಯವರೇ ಆಗಿರುವಾಗ, ಅವರನ್ನು ಹೊರಗಿಟ್ಟು ರೂಪಿಸಿದ ವ್ಯವಸ್ಥೆ ಕಾಗದದ ಮೇಲಷ್ಟೇ ಉಳಿಯುತ್ತದೆ. ಅವರಿಗೆ ತರಬೇತಿ, ಗುರುತಿನ ಚೀಟಿ, ಅಧಿಕೃತ ಘಟಕಗಳಿಂದ ಸರಿಯಾದ ಬೆಲೆ ಸಿಗುವಂತೆ ಮಾಡುವುದೇ ಮೊದಲ ಕೆಲಸವಾಗಬೇಕು.

ಹೀಗೆ ಚರಂಡಿಗೆ ಬಿದ್ದ ಆಮ್ಲವೂ ಅಲ್ಲಿಗೇ ನಿಲ್ಲುವುದಿಲ್ಲ. ಇಟ್ಟಮಡುವಿಗೆ ಹತ್ತಿರದ ಹೊಸಕೆರೆಹಳ್ಳಿ ಕೆರೆ ವೃಷಭಾವತಿ ಕಣಿವೆಗೆ ಸೇರಿದ್ದು. ಈ ಕಣಿವೆಯ ಚರಂಡಿಗಳಿಗೆ ಸುರಿದದ್ದು ಬಿಡದಿ ಸಮೀಪದ ಭೈರಮಂಗಲ ಕೆರೆಗೆ ಹೋಗಿ, ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ನಗರದ ಕೊಳಚೆಯೂ ಕಾರ್ಖಾನೆಗಳ ತ್ಯಾಜ್ಯವೂ ಬೆರೆತ ಆ ನೀರಿನಲ್ಲಿ ಭತ್ತ ಕೈಕೊಟ್ಟ ಮೇಲೆ ಭೈರಮಂಗಲದ ರೈತರು ಬೇಬಿ ಕಾರ್ನ್ ಬೆಳೆಗೆ ಹೊರಳಿದರು.

ಎಸೆದ ಮೇಲಿನ ಹಾನಿ ಇದಾದರೆ, ಒಂದು ಫೋನಿನ ಆಯುಸ್ಸಿನುದ್ದಕ್ಕೂ ಆಗುವ ಇಂಗಾಲದ ಹೊರಸೂಸುವಿಕೆಯಲ್ಲಿ ಬಹುಪಾಲು ಅದನ್ನು ತಯಾರಿಸುವಾಗಲೇ, ಅಂದರೆ ಗಣಿಯಿಂದ ಕಾರ್ಖಾನೆಯವರೆಗಿನ ದಾರಿಯಲ್ಲೇ ಆಗಿಹೋಗಿರುತ್ತದೆ. ಹೀಗಿರುವುದರಿಂದ ಇಟ್ಟಮಡುವಿನ ರಿಪೇರಿ ಅಂಗಡಿಯಲ್ಲಿ ಹೀಟರಿನ ಬಿಸಿಗೆ ಅಂಟು ಸಡಿಲಿಸಿ, ಉಬ್ಬಿದ ಬ್ಯಾಟರಿಯನ್ನು ಜೋಪಾನವಾಗಿ ಎಬ್ಬಿಸಿ ಹೊಸದನ್ನು ಕೂರಿಸುವ ಹುಡುಗ ಆ ಫೋನಿಗೆ ಇನ್ನೆರಡು ವರ್ಷ ಕೊಟ್ಟರೆ, ಅವನು ಮಾಡಿದ್ದು ಪರಿಸರದ ಕೆಲಸವೇ. ಬಿಡಿಭಾಗ ಸಿಗದಂತೆ, ಬಿಚ್ಚಲು ಬಾರದಂತೆ ಫೋನುಗಳನ್ನು ರೂಪಿಸುವುದು ಅವನ ಕಸುಬಿಗಷ್ಟೇ ಅಲ್ಲ, ನೆಲಕ್ಕೂ ಮಾಡುವ ಅನ್ಯಾಯ. ಮಂಡ್ಯ ಜಿಲ್ಲೆಯ ಮರಳಗಾಲದ ಬಳಿ ಇಂಥ ಬ್ಯಾಟರಿಗಳಿಗೆ ಬೇಕಾದ ಲಿಥಿಯಂ 1,600 ಟನ್ ಇರಬಹುದೆಂದು 2021ರಲ್ಲಿ ಸರ್ಕಾರ ಹೇಳಿದಾಗ ಸಂಭ್ರಮಿಸಿದವರು ಕೆಜಿಎಫ್‌ನ ದಿಬ್ಬಗಳನ್ನೂ ಒಮ್ಮೆ ನೋಡಿ ಬರಬೇಕಿತ್ತು.

ಈಗ ಮಾತು ಮತ್ತೆ ಶರಾವತಿಗೆ ಬಂದು ನಿಂತಿದೆ. ಹಗಲಿನ ಸೌರವಿದ್ಯುತ್ತು ಸಂಜೆಗೆ ಉಳಿಯದ ಕಾರಣ, ಹಗಲಲ್ಲಿ ಗೇರುಸೊಪ್ಪೆ ಜಲಾಶಯದ ನೀರನ್ನು ತಲಕಳಲೆಗೆ ಎತ್ತಿ, ಬೇಡಿಕೆ ಏರಿದಾಗ ಕೆಳಕ್ಕೆ ಬಿಟ್ಟು 2,000 ಮೆಗಾವ್ಯಾಟ್ ಪಡೆಯುವ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವ ಸಿದ್ಧವಾಗಿದೆ. ನೀರೆತ್ತಲು ಖರ್ಚಾಗುವ ವಿದ್ಯುತ್ತು ಮರಳಿ ಸಿಗುವುದಕ್ಕಿಂತ ಹೆಚ್ಚು. ಸುರಂಗಗಳು ಹಾಯುವುದು ಸಿಂಗಳೀಕಗಳ ಅಭಯಾರಣ್ಯದಲ್ಲಿ. 2025ರಲ್ಲಿ ಗೇರುಸೊಪ್ಪೆಯಲ್ಲೂ ಕಾರ್ಗಲ್‌ನಲ್ಲೂ ನಡೆದ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಕಣಿವೆಯ ಜನ ತಮ್ಮ ವಿರೋಧವನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಅಹವಾಲು ಸಭೆ ಯೋಜನೆಯ ಸ್ಥಳದಲ್ಲಿ ಅಥವಾ ಅದರ ಸಮೀಪದಲ್ಲಿ ನಡೆಯಬೇಕೆಂದಷ್ಟೇ 2006ರ ಪರಿಸರ ಪರಿಣಾಮ ಅಂದಾಜಿನ ಅಧಿಸೂಚನೆ ಹೇಳುತ್ತದೆ. ಆ ಕರೆಂಟು ಯಾರ ಸಂಜೆಗಾಗಿ ಬೇಕೋ ಆ ಬೆಂಗಳೂರಿನಲ್ಲಿ, ಬನಶಂಕರಿಯಲ್ಲೋ ಇಟ್ಟಮಡುವಿನಲ್ಲೋ, ಅದೇ ವರದಿಯನ್ನು ಮುಂದಿಟ್ಟು ಅಂಥದೇ ಒಂದು ಸಭೆ ನಡೆಸುವುದಕ್ಕೆ ಅಡ್ಡಿಯಾಗುವ ಮಾತು ಮಾತ್ರ ಅದರಲ್ಲಿ ಎಲ್ಲೂ ಇಲ್ಲ.