ಮಾರಲ್ಪಟ್ಟ ಮಗಳ ಉತ್ತರ

ಜಾವಾ ದ್ವೀಪದ ಸ್ತ್ರೀವಿದ್ಯೆಯ ಮಾತು ಬಂದಾಗ ಎಲ್ಲರೂ ಕಾರ್ತಿನಿಯವರ (೧೮೭೯–೧೯೦೪) ಪತ್ರಗಳನ್ನು ಸ್ಮರಿಸುವರು, ಅದು ಯುಕ್ತವೇ. ಆದರೆ ನಾವು ಇಲ್ಲಿ ಪ್ರಸ್ತಾಪಿಸುವುದು ಶಾಲೆಯ ಮೆಟ್ಟಿಲನ್ನೇ ತುಳಿಯದ ಒಬ್ಬಾಕೆಯ ಕಥೆಯನ್ನು.

ಜಾವಾದಲ್ಲಿ ಜನಿಸಿದ ಪ್ರಮುದ್ಯ ಅನಂತ ತೂರ್ ಎಂಬ ಗ್ರಂಥಕರ್ತರು ಬುರು ದ್ವೀಪದಲ್ಲಿ ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದಾಗ ಈ ಕಥೆಯನ್ನು ಸಹಬಂದಿಗಳಿಗೆ ಬಾಯಿಮಾತಿನಿಂದ ಹೇಳಿದರು. ಇಂಡೊನೇಷ್ಯದ ಭಾಷೆಯಲ್ಲಿ ಅದು ೧೯೮೦ರಲ್ಲಿ ಅಚ್ಚಾಯಿತು. ಮರುವರ್ಷವೇ ಸರಕಾರದವರು ನಿಷೇಧಿಸಿದರು. ಹೆಸರು ‘ಬುಮಿ ಮನುಸಿಯ’. ಭೂಮಿ, ಮನುಷ್ಯ ಎಂಬ ನಮ್ಮ ಮಾತುಗಳೇ ಅಲ್ಲಿವೆಯಾದ್ದರಿಂದ ಕನ್ನಡಿಗರಿಗೆ ಅರ್ಥ ಹೇಳಬೇಕಾದುದಿಲ್ಲ.

ತುಲಂಗನ್ ಊರಿನ ಸಕ್ಕರೆ ಕಾರ್ಖಾನೆಯ ಗುಮಾಸ್ತನೊಬ್ಬನು ಮೇಲಿನ ಹುದ್ದೆಯ ಆಸೆಯಿಂದ ಹದಿನಾಲ್ಕು ವರ್ಷದ ಮಗಳು ಸನಿಕೆಮಳನ್ನು ಡಚ್ ಯಜಮಾನನಿಗೆ ಉಪಪತ್ನಿಯಾಗಿ ಒಪ್ಪಿಸಿಬಿಡುತ್ತಾನೆ. ಆಕೆ ಆ ಮನೆಯಲ್ಲಿಯೇ ಡಚ್ ಭಾಷೆಯನ್ನೂ ಲೆಕ್ಕಪತ್ರವನ್ನೂ ಕಲಿತು, ಹೊಲ, ಹೈನುಗಳ ಇಡೀ ವ್ಯವಹಾರವನ್ನು ತಾನೇ ನಡೆಸುವವಳಾಗುತ್ತಾಳೆ. ಆದಾಗ್ಯೂ ಯಜಮಾನನು ಸತ್ತ ಮೇಲೆ, ವಿವಾಹವಾಗದ ದೇಶೀಯ ಸ್ತ್ರೀಗೆ ಹೆತ್ತ ಮಗಳ ಮೇಲೂ ಹಕ್ಕಿಲ್ಲವೆಂದು ಡಚ್ಚರ ನ್ಯಾಯಾಲಯವು ತೀರ್ಮಾನಿಸುತ್ತದೆ. ಮಗಳನ್ನು ಹಡಗಿಗೆ ಹತ್ತಿಸಿ ಹಾಲೆಂಡಿಗೆ ಒಯ್ಯುತ್ತಾರೆ.

ವಿಮರ್ಶಕರು ಹೊಗಳುವುದು ಆ ನ್ಯಾಯಾಲಯದ ಹೋರಾಟವನ್ನು. ನಮ್ಮ ಮನಸ್ಸನ್ನು ಕಲಕಿದುದು ಬೇರೊಂದು. ತಂದೆತಾಯಿಗಳು ನೋಡಲು ಬಂದಾಗ ಸನಿಕೆಮಳು ಅವರನ್ನು ಕಾಣಲೊಲ್ಲಳು. ಇದು ಕಠೋರವೆಂದು ಈ ಸಂಚಿಕೆಯನ್ನು ಓದುವ ತಂದೆತಾಯಂದಿರು ಹೇಳಿಯಾರು. ನಮ್ಮೊಡನೆ ಓದಿದ ಸೋದರಿಯರಲ್ಲಿಯೂ ಕೆಲವರು ಹಾಗೆನ್ನುವರು. ನಾವು ಒಪ್ಪಲಾರೆವು. ಅಳುತ್ತ ಬಂದ ಮಾತ್ರಕ್ಕೆ ಮಾರಾಟವು ಮರೆತುಹೋಗತಕ್ಕದ್ದಾದರೆ, ಮಾರಿದವರು ತಾವು ಮಾಡಿದುದನ್ನು ತಿಳಿಯುವುದಾದರೂ ಎಂದು?

ಗ್ರಂಥಕರ್ತರು ಇದನ್ನು ಎರಡನೆಯ ಕಾದಂಬರಿಯಲ್ಲಿ ಇನ್ನೂ ಹರಿತವಾಗಿ ತೋರಿಸಿದ್ದಾರೆ. ಸನಿಕೆಮಳ ಅಣ್ಣನು ಅದೇ ಕಾರ್ಖಾನೆಯ ಖಜಾಂಚಿ. ತಂಗಿಯ ಗತಿಯನ್ನು ಕಣ್ಣಾರೆ ಕಂಡವನು. ಆದರೂ ಕಳವಾದ ಸಂಬಳದ ಹಣದ ಹೊಣೆಯಿಂದ ಪಾರಾಗಲು ತನ್ನ ಮಗಳು ಸುರತಿಯನ್ನು ಹೊಸ ಯಜಮಾನನಿಗೆ ಕೊಡಲು ಒಪ್ಪುತ್ತಾನೆ! ಸುರತಿಯು ಎದುರು ಮಾತನಾಡುವುದಿಲ್ಲ. ಸಿಡುಬಿನಿಂದ ಜನ ಸಾಯುತ್ತಿದ್ದ ಹಳ್ಳಿಗೆ ಬೇಕೆಂದೇ ಹೋಗಿ, ರೋಗವನ್ನು ಮೈಗೆ ತಗಲಿಸಿಕೊಂಡು, ಬಳಿಕ ಯಜಮಾನನ ಮನೆಯನ್ನು ಸೇರುತ್ತಾಳೆ. ಅವನು ಸಾಯುತ್ತಾನೆ, ಇವಳು ಉಳಿಯುತ್ತಾಳೆ.

ಆ ಕೃತ್ಯವನ್ನು ನಾವು ಶ್ಲಾಘಿಸುವವರಲ್ಲ. ಆದರೆ ಒಂದು ಹುಡುಗಿಗೆ ರೋಗದ ಹೊರತು ಬೇರೆ ಆಯುಧವೇ ಉಳಿಯದಂತೆ ಮಾಡಿದವರಲ್ಲಿ ಡಚ್ಚನೊಬ್ಬನನ್ನೇ ಎಣಿಸಿ, ಆಕೆಯನ್ನು ಕೊಡಲೊಪ್ಪಿದ ಸ್ವಂತ ತಂದೆಯನ್ನು ಬಿಡುವುದು ನ್ಯಾಯವಲ್ಲ. ಅನೇಕ ವರ್ಷಗಳ ತರುವಾಯ ಸನಿಕೆಮಳು ತುಲಂಗನಿಗೆ ಹೋದಾಗ, ಅಣ್ಣನ ಮನೆಯಲ್ಲಿ ಅವಳು ಕಂಡದ್ದು ಸಿಡುಬಿನ ಕಲೆಗಳು ತುಂಬಿದ ಆ ಮುಖವನ್ನು.