ಮೈಸೂರಿಗೆ ಹೋಗುವ ಮುನ್ನ

ಆಳಂದ, ಅಫಜಲಪುರ, ಜೇವರ್ಗಿಯ ಪ್ರೌಢಶಾಲೆಗಳಿಂದ ಚಳಿಗಾಲದಲ್ಲಿ ಪ್ರವಾಸದ ಬಸ್ಸುಗಳು ಮೈಸೂರಿಗೆ ಹೊರಡುತ್ತವೆ. ಹೊರಡಲಿ, ನಾನೂ ಮಕ್ಕಳನ್ನು ಕರೆದೊಯ್ದವನೇ. ನನ್ನ ತಕರಾರು ಮೈಸೂರಿನ ಮೇಲಲ್ಲ. ಕಲಬುರಗಿಯ ಕೋಟೆಯೊಳಗೆ ಒಮ್ಮೆಯೂ ಕಾಲಿಡದ ಮಕ್ಕಳನ್ನು ಅಷ್ಟು ದೂರ ಒಯ್ದು, "ನಮ್ಮ ಕಡಿ ನೋಡ್ಲಿಕ್ಕೆ ಏನದರಿ ಸರ?" ಎಂದು ನನ್ನನ್ನೇ ಕೇಳುವ ಶಿಕ್ಷಕರ ಮೇಲೆ.

ಸಂತ ಫಿಲೋಮಿನಾ ಚರ್ಚು ಭವ್ಯವಾದುದು, ಸಂದೇಹವಿಲ್ಲ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟದ್ದು. ಅವಳಿ ಗೋಪುರಗಳ ಎತ್ತರ 175 ಅಡಿ. ಒಳಗೆ ನಿಂತು ಕತ್ತೆತ್ತಿದ ಜೇವರ್ಗಿ ಕಡೆಯ ಹುಡುಗನೊಬ್ಬ, ಇಷ್ಟೆತ್ತರದ ಛಾವಣಿ ಹೇಗೆ ನಿಂತಿದೆ ಎಂದು ಕೇಳಿದ. ಕಮಾನಿನ ಮೇಲೆ ಎಂದೆ. ಅಂಥ ಕಮಾನುಗಳ ಸಾಲು ನಿಮ್ಮೂರಿನಿಂದ ಒಂದೆರಡು ಗಂಟೆಯ ದಾರಿಯಲ್ಲಿದೆ ಎಂದರೆ ಅವನು ನಂಬಲಿಲ್ಲ. ಕಲಬುರಗಿ ಕೋಟೆಯ ಜಾಮಿ ಮಸೀದಿ 1367ರದು, ಆ ಚರ್ಚಿಗಿಂತ 566 ವರ್ಷ ಹಿರಿಯದು. ಸುಮಾರು 216 ಅಡಿಗೆ 176 ಅಡಿಯ ಆ ಕಟ್ಟಡದಲ್ಲಿ ಬಯಲು ಅಂಗಳವೇ ಇಲ್ಲ; ಇಡೀ ಮಸೀದಿಗೆ ಗುಮ್ಮಟಗಳ ಮುಚ್ಚಿಗೆ. ಭಾರತದಲ್ಲಿ ಇದು ಅಪರೂಪ. ಇದನ್ನು ಕಂಡಿದ್ದ ಹುಡುಗ ಮೈಸೂರಿನಲ್ಲಿ ಬಾಯಿ ತೆರೆದು ನಿಲ್ಲುತ್ತಿರಲಿಲ್ಲ, ಹೋಲಿಸುತ್ತಿದ್ದ.

ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸ ಅರಮನೆಯಲ್ಲಿ ಮೈಸೂರು ವಿಶ್ವವಿದ್ಯಾನಿಲಯವು 1968ರಲ್ಲಿ ಸ್ಥಾಪಿಸಿದ ಜಾನಪದ ವಸ್ತುಸಂಗ್ರಹಾಲಯವನ್ನು ನೋಡಿದಾಗಲೂ ಹೀಗೆಯೇ ಆಯಿತು. ಬೇಸಾಯದ ಸಲಕರಣೆ, ಮನೆಬಳಕೆಯ ವಸ್ತುಗಳ ಮುಂದೆ ಆಳಂದದ ಹುಡುಗಿಯೊಬ್ಬಳು ಪಿಸುಗುಟ್ಟಿದಳು: "ಇಂಥಾದು ನಮ್ಮಜ್ಜಿ ಮನ್ಯಾಗ ಇತ್ತರಿ ಸರ. ಗುಜರಿಗೆ ಹಾಕ್ಯಾರ್ರಿ." ವಿಶ್ವವಿದ್ಯಾನಿಲಯವೊಂದು ಜೋಪಾನ ಮಾಡಿದ್ದು ನಮ್ಮಲ್ಲಿ ತೂಕಕ್ಕೆ ಹೋಗಿತ್ತು!

ಬಡ ಮಕ್ಕಳು ಜೀವನದಲ್ಲಿ ಒಮ್ಮೆಯಾದರೂ ಮೈಸೂರು ನೋಡಲಿ ಎಂಬ ವಾದವುಂಟು. ಒಪ್ಪುತ್ತೇನೆ. ಆದರೆ ಪ್ರವಾಸದ ಹಣ ಹೊಂದಿಸಲಾಗದೆ ಶಾಲೆಯಲ್ಲೇ ಉಳಿಯುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರಲ್ಲ, ಅವರಿಗೇನು ತೋರಿಸಿದಿರಿ? ನಮ್ಮ ಭೀಮೆಯ ದಂಡೆಯಲ್ಲೇ ಸನ್ನತಿಯಿದೆ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ಗುಡಿಯಲ್ಲಿ ಅಶೋಕನ ಶಾಸನ ದೊರೆಯಿತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ 'ರಾಯ ಅಸೋಕ' ಎಂಬ ಬ್ರಾಹ್ಮೀ ಬರಹದೊಡನೆ ಆ ಚಕ್ರವರ್ತಿಯ ಶಿಲ್ಪವೇ ಸಿಕ್ಕಿತು. ನಮ್ಮ ಮಕ್ಕಳು ಅಶೋಕನನ್ನು ಪಾಟಲಿಪುತ್ರದವನೆಂದಷ್ಟೇ ಬರೆದು ಅಂಕ ಗಳಿಸುತ್ತಾರೆ. ಇತಿಹಾಸ ನಡೆದದ್ದೆಲ್ಲ ಬೇರೆಯವರ ಊರಿನಲ್ಲಿ ಎಂದು ಹದಿನೈದರ ಹರೆಯದಲ್ಲೇ ನಂಬಿದವರಿಗೆ, 'ಹಿಂದುಳಿದ ಪ್ರದೇಶ' ಎಂಬ ಹಣೆಪಟ್ಟಿಯನ್ನು ಹೊರಗಿನವರು ಅಂಟಿಸಬೇಕಾಗಿಲ್ಲ.

ನನ್ನ ಶಿಷ್ಯರಲ್ಲಿ ಕೆಲವರು ಈಗ ಮುಖ್ಯೋಪಾಧ್ಯಾಯರು. ಅವರಿಗೆ ಹೇಳುತ್ತಿದ್ದೇನೆ: ಎಂಟನೆಯ ತರಗತಿಗೆ ಕಲಬುರಗಿ, ಒಂಬತ್ತಕ್ಕೆ ಸನ್ನತಿ, ಆಮೇಲೆ ಹತ್ತಕ್ಕೆ ಮೈಸೂರು. ಮೊದಲೆರಡಕ್ಕೆ ಒಂದೊಂದೇ ದಿನ ಸಾಕು. ಕಡಕ್ ರೊಟ್ಟಿಯ ಬುತ್ತಿ ಕಟ್ಟಿಸಿರಿ. ಕೋಟೆಗೆ ಹೋಗುವಾಗ ಜೊತೆಗೊಂದು ಅಳತೆಯ ಟೇಪನ್ನೂ ಒಯ್ಯಿರಿ.