ಭೂರೂಪಗಳ ಹೆಸರೂ ಆಟದ ರಣಭೂಮಿಯೂ

ಗುಂಡು ಹಾರಿಸುವ ಆಟಕ್ಕೆ ಭೂಗೋಳದ ಪಾಠವೇಕೆ ಎಂಬ ಪ್ರಶ್ನೆಯನ್ನು ಗಣಕಯಂತ್ರದ ಯುದ್ಧಕ್ರೀಡೆಗಳಲ್ಲಿ ಆಸಕ್ತರಾದ ತರುಣರ ಬಾಯಲ್ಲಿ ಆಗಾಗ ಕೇಳುತ್ತೇವೆ. ಭೂರೂಪಗಳ ಹೆಸರುಗಳನ್ನು ಅಭ್ಯಾಸಮಾಡುವುದು ಸೈನಿಕವೇಷದ ಒಣ ಆಡಂಬರವೆಂಬುದು ಇದರ ಇಂಗಿತ. ನನಗಾದರೋ ಆ ಹೆಸರುಗಳನ್ನರಿಯದ ಆಟಗಾರನು ಕಣ್ಣಿದ್ದೂ ನೆಲವನ್ನು ಕಾಣಲಾರನೆಂದೇ ತೋರುತ್ತದೆ.

ಚೆಕ್ ದೇಶದ ಬೊಹೀಮಿಯಾ ಇಂಟರಾಕ್ಟಿವ್ ಸಂಸ್ಥೆ 2013ರಲ್ಲಿ ಹೊರತಂದ ‘ಆರ್ಮಾ 3’ ಎಂಬ ಆಟವನ್ನೇ ತೆಗೆದುಕೊಳ್ಳೋಣ. ಅದರ ಆಲ್ಟಿಸ್ ದ್ವೀಪವು ಗ್ರೀಸಿನ ಲೆಮ್ನೋಸ್ ದ್ವೀಪವನ್ನು ಮಾದರಿಯಾಗಿರಿಸಿಕೊಂಡು ರಚಿತವಾದದ್ದು. ವಿಸ್ತಾರ ಸುಮಾರು 270 ಚದರ ಕಿಲೋಮೀಟರು. ಇಂತಹ ವಿಶಾಲವಾದ ಗುಡ್ಡಗಾಡಿನಲ್ಲಿ ಒಬ್ಬನು “ಶತ್ರು ಆ ಗುಡ್ಡದ ಹಿಂದಿದ್ದಾನೆ” ಎಂದು ರೇಡಿಯೋದಲ್ಲಿ ಕೂಗಿದರೆ ಹತ್ತು ಜನ ಹತ್ತು ಗುಡ್ಡಗಳನ್ನು ನೋಡುತ್ತಾರೆ. “ಸ್ಯಾಡಲಿನಿಂದ ಪೂರ್ವಕ್ಕೆ ಎರಡನೆಯ ಸ್ಪರ್, ಅದರ ಬುಡ” ಎಂದರೆ ಹತ್ತು ಕೋವಿಗಳೂ ಒಂದೇ ಕಡೆಗೆ ತಿರುಗುತ್ತವೆ.

ಅಮೆರಿಕದ ಸೈನ್ಯದ ಕೈಪಿಡಿಯು ಗುಡ್ಡ, ಸ್ಯಾಡಲ್, ಕಣಿವೆ, ರಿಡ್ಜ್, ತಗ್ಗು ಎಂದು ಐದು ಪ್ರಧಾನ ರೂಪಗಳನ್ನೂ, ಡ್ರಾ, ಸ್ಪರ್, ಕಡಿಬಂಡೆ ಎಂದು ಮೂರು ಗೌಣರೂಪಗಳನ್ನೂ ಎಣಿಸುತ್ತದೆ. ಇವನ್ನು ಕಲಿಸಲು ಅಲ್ಲಿನ ಶಿಕ್ಷಕರು ಬಳಸುವ ಉಪಕರಣ ಅವರವರ ಮುಷ್ಟಿಯೇ. ಕೈಯನ್ನು ಬಿಗಿಹಿಡಿದು ನೋಡಿ: ಗೆಣ್ಣುಗಳ ಸಾಲೇ ರಿಡ್ಜ್, ಒಂದೊಂದು ಗೆಣ್ಣೂ ಒಂದು ಗುಡ್ಡ, ಎರಡರ ನಡುವಣ ಇಳುಕಲು ಸ್ಯಾಡಲ್, ಗೆಣ್ಣಿನಿಂದ ಕೆಳಗಿಳಿದ ಬೆರಳು ಸ್ಪರ್, ಬೆರಳುಗಳ ನಡುವಣ ಸಂದು ಡ್ರಾ, ಅಂದರೆ ಮಳೆನೀರು ಹರಿದಿಳಿಯುವ ಕೊರಕಲು. ಹೊಸಬರು ಎಡವುವುದು ಈ ಕೊನೆಯ ಎರಡರಲ್ಲಿ. ನಕ್ಷೆಯ ಸಮೋನ್ನತಿ ರೇಖೆಗಳಲ್ಲಿ ಎರಡೂ ಬಾಗಿದ ಗೆರೆಗಳಾಗಿಯೇ ಕಾಣುವುವು; ಬಾಗಿನ ಮೊನೆ ಎತ್ತರದ ಕಡೆಗಿದ್ದರೆ ಡ್ರಾ, ತಗ್ಗಿನ ಕಡೆಗಿದ್ದರೆ ಸ್ಪರ್. ಇಷ್ಟನ್ನು ತಪ್ಪಾಗಿ ಓದಿದ ನಾಯಕನು, ಇಕ್ಕೆಲದ ದಿಣ್ಣೆಗಳ ಮರೆಯಲ್ಲಿ ತನ್ನವರನ್ನು ಏರಿಸುತ್ತಿದ್ದೇನೆಂದು ಭಾವಿಸಿ, ಮೂರು ದಿಕ್ಕಿನಿಂದಲೂ ಗೋಚರವಾಗುವ ಬೋಳು ಏಣಿನ ಮೇಲೆ ಅವರನ್ನು ಸಾಲಾಗಿ ನಡೆಸಿಬಿಡುತ್ತಾನೆ.

ಆಟದ ನಕ್ಷೆಯೇ ನಮ್ಮ ಸ್ಥಾನವನ್ನು ತೋರಿಸುತ್ತದಲ್ಲವೇ ಎನ್ನುವವರಿಗೆ, ಎಲ್ಲಿದ್ದೇವೆಂಬುದು ತಿಳಿದ ಮಾತ್ರಕ್ಕೆ ಎತ್ತ ನಡೆಯಬೇಕೆಂಬುದು ತಿಳಿಯದೆಂದಷ್ಟೇ ಹೇಳಿದರೆ ಸಾಕು. ಗೌರವಕ್ಕೆ ಅರ್ಹವಾದ ಆಕ್ಷೇಪ ಬೇರೊಂದಿದೆ. ನೆಲದ ಜ್ಞಾನ ಕಾಲಿನಿಂದ ಬರತಕ್ಕದ್ದು. ಏರಿನಲ್ಲಿ ಏದುಸಿರುಬಿಡದ, ಸಡಿಲ ಕಲ್ಲಿನ ಮೇಲೆ ಜಾರದ ಮನುಷ್ಯನು ಕುರ್ಚಿಯಲ್ಲಿ ಕುಳಿತು ಕಲಿತ ಹೆಸರುಗಳು ಬರಿಯ ಹೆಸರುಗಳೇ. ಕುರಿಕಾಯುವವನು ಇವುಗಳಲ್ಲಿ ಒಂದು ಹೆಸರನ್ನೂ ಕೇಳದೆ ಬೆಟ್ಟವನ್ನು ಬಲ್ಲನು. ಈ ಮಾತಿನಲ್ಲಿ ಬಹುಪಾಲು ಸತ್ಯವಿದೆ. ಪರದೆಯು ಆಯಾಸವನ್ನು ಕಲಿಸದು. ಆದರೆ ಕುರಿಗಾಹಿಯು ಬಲ್ಲದ್ದು ತಾನು ಹುಟ್ಟಿಬೆಳೆದ ಬೆಟ್ಟವನ್ನು. ಎಂದೂ ಕಾಣದ ನೆಲದ ನಕ್ಷೆಯನ್ನು ಬಿಡಿಸಿ ಅದರ ಏರಿಳಿತಗಳನ್ನು ಮನಸ್ಸಿನಲ್ಲಿ ಎಬ್ಬಿಸಿ ನಿಲ್ಲಿಸುವ ವಿದ್ಯೆ ಬೇರೆಯದು, ಮತ್ತು ಅದು ಕಾಗದದ ಮೇಲೂ ಪರದೆಯ ಮೇಲೂ ಒಂದೇ. ಆರ್ಮಾದ ಪೂರ್ವಜವಾದ ‘ಆಪರೇಷನ್ ಫ್ಲ್ಯಾಶ್‌ಪಾಯಿಂಟ್’ ಆಟದ ತಂತ್ರದಿಂದಲೇ ಬೆಳೆದ ‘ವರ್ಚುಯಲ್ ಬ್ಯಾಟಲ್‌ಸ್ಪೇಸ್’ ತಂತ್ರಾಂಶವನ್ನು ನಿಜವಾದ ಸೈನ್ಯಗಳು ತರಬೇತಿಗೆ ಬಳಸಿರುವುದು ಸುಮ್ಮನೆ ಅಲ್ಲ.

ತಂಡಗಳನ್ನು ನಡೆಸುವವರಲ್ಲಿ ನನ್ನದೊಂದು ವಿಜ್ಞಾಪನೆ: ಹೊಸಬನ ಕೈಗೆ ಕೋವಿಯನ್ನು ಕೊಡುವ ಮೊದಲು ಒಂದು ಸಂಜೆ ನಕ್ಷೆಯನ್ನೂ ದಿಕ್ಸೂಚಿಯನ್ನೂ ಮಾತ್ರ ಕೊಟ್ಟು, ಸ್ಥಾನಸೂಚಕವನ್ನು ಮರೆಮಾಡಿ, ದಾರಿಯಲ್ಲಿ ಕಂಡ ಒಂದೊಂದು ಭೂರೂಪವನ್ನೂ ಹೆಸರಿಟ್ಟು ಹೇಳುತ್ತ ಆಲ್ಟಿಸಿನ ಒಂದು ರಿಡ್ಜನ್ನು ದಾಟಿಬರುವಂತೆ ಮಾಡಿರಿ.